ಜಾಸ್ತಿ ಮೊಟ್ಟೆ ಇಟ್ಟ ಹಕ್ಕಿಯೇ ಗೆಲ್ಲಬೇಕಾ?

ಜಾಸ್ತಿ ಮರಿ ಮಾಡಿದ ಜೀವಿಯೇ ವಿಕಾಸದಲ್ಲಿ ಗೆಲ್ಲುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನನಗೆ ಇದು ಅರ್ಧ ಸತ್ಯ ಅನಿಸುತ್ತದೆ. ಕಾರಣ, ಇಂಗ್ಲೆಂಡಿನ ಗ್ರೇಟ್ ಟಿಟ್ ಹಕ್ಕಿ.

ಆಕ್ಸ್‌ಫರ್ಡ್ ಪಕ್ಕದ ವೈಟಮ್ ಕಾಡಿನಲ್ಲಿ 1947ರಿಂದ ಈ ಹಕ್ಕಿಗಳ ಲೆಕ್ಕ ಇಡುತ್ತಿದ್ದಾರೆ. ಶುರು ಮಾಡಿದವರು ಪಕ್ಷಿವಿಜ್ಞಾನಿ ಡೇವಿಡ್ ಲ್ಯಾಕ್. ಮರಕ್ಕೆ ಕಟ್ಟಿದ ಗೂಡುಪೆಟ್ಟಿಗೆ ತೆರೆದು ಮೊಟ್ಟೆ ಎಣಿಸುತ್ತಾರೆ. ಮರಿಗಳ ಕಾಲಿಗೆ ಉಂಗುರ ಹಾಕುತ್ತಾರೆ. ಮುಂದಿನ ವರ್ಷ ಯಾವ ಉಂಗುರ ಮತ್ತೆ ಕಾಣಿಸಿತು ಅಂತ ನೋಡುತ್ತಾರೆ. ಎಷ್ಟು ಮರಿ ಸಾಕಬಹುದೋ ಅಷ್ಟೇ ಮೊಟ್ಟೆ ಅನ್ನುವುದು ಲ್ಯಾಕ್ ವಾದ. ಆದರೆ ಹಕ್ಕಿಗಳು ಇಡುವುದು ಸಾಮಾನ್ಯವಾಗಿ 8, 9 ಮೊಟ್ಟೆ. ಸರಾಸರಿ ತೆಗೆದರೆ, ಅದಕ್ಕಿಂತ ಜಾಸ್ತಿ ಮೊಟ್ಟೆ ಇರುವ ಗೂಡಿನಿಂದಲೇ ಜಾಸ್ತಿ ಮರಿ ಉಳಿಯುತ್ತವೆ! ಮತ್ಯಾಕೆ ಕಡಿಮೆ ಇಡುತ್ತವೆ?

1987ರಲ್ಲಿ ಮಾರ್ಕ್ ಬಾಯ್ಸ್ ಮತ್ತು ಕ್ರಿಸ್ಟೋಫರ್ ಪೆರಿನ್ಸ್ ಅನ್ನುವ ವಿಜ್ಞಾನಿಗಳು ಬೆರಳು ತೋರಿಸಿದ್ದು ಕೆಟ್ಟ ವರ್ಷಗಳ ಕಡೆಗೆ. ಮರಿಗಳ ಹೊಟ್ಟೆ ತುಂಬಿಸುವುದು ಓಕ್ ಮರದ ಕಂಬಳಿಹುಳ. ಅದು ಹೇರಳವಾಗಿ ಸಿಗುವುದು ಕೆಲವೇ ವಾರ. ಹುಳ ಕೈಕೊಟ್ಟ ವರ್ಷ ಜಾಸ್ತಿ ಪೆಟ್ಟು ಬೀಳುವುದು ದೊಡ್ಡ ಸಂಸಾರಕ್ಕೇ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ವಂಶ ಪ್ರತಿ ವರ್ಷ ಎರಡು ಪಟ್ಟಾಗುತ್ತದೆ. ಇನ್ನೊಂದು ಒಳ್ಳೆ ವರ್ಷ ನಾಲ್ಕು ಪಟ್ಟು, ಕೆಟ್ಟ ವರ್ಷ ಅರ್ಧಕ್ಕೆ ಇಳಿಯುತ್ತದೆ. ಸರಾಸರಿಯಲ್ಲಿ ಎರಡನೆಯದೇ ಮುಂದು, 2.25. ಆದರೆ ಸಂತತಿ ಬೆಳೆಯುವುದು ಕೂಡುವ ಲೆಕ್ಕದಲ್ಲಿ ಅಲ್ಲ, ಗುಣಿಸುವ ಲೆಕ್ಕದಲ್ಲಿ. ಒಂದು ಒಳ್ಳೆಯದು, ಒಂದು ಕೆಟ್ಟದು, ಹೀಗೆ ಎರಡು ವರ್ಷಕ್ಕೆ ಮೊದಲನೆಯದು 4 ಪಟ್ಟು, ಎರಡನೆಯದು ಬರೀ 2 ಪಟ್ಟು. ಹತ್ತು ವರ್ಷ ಹೀಗೇ ನಡೆದರೆ 1024 ಎಲ್ಲಿ, 32 ಎಲ್ಲಿ!

ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಪ್ರತಿ ತಾಯಿಯೂ ತನ್ನ ಶಕ್ತಿ ನೋಡಿಕೊಂಡು ಮೊಟ್ಟೆ ಇಡುತ್ತಾಳೆ ಅನ್ನುವ ವಾದವೂ ಇದೆ, ಅದಕ್ಕೂ ಇದೇ ಕಾಡಿನ ಪುರಾವೆ ಇದೆ. ಹಾಗಂತ ಹಕ್ಕಿ ಕೂತು ಲೆಕ್ಕ ಹಾಕುತ್ತದೆ ಅಂತಲೂ ಅಲ್ಲ. ಕೆಟ್ಟ ವರ್ಷ ದಾಟಿ ಬಂದವರ ಮಕ್ಕಳೇ ಇಂದು ಉಳಿದಿರುವುದು, ಅಷ್ಟೇ.

ನನ್ನ ತಕರಾರು ನಾವು ಎಣಿಸುವ ರೀತಿಯ ಬಗ್ಗೆ. ವನ್ಯಜೀವಿ ಅಂದ ತಕ್ಷಣ ಸರಾಸರಿ ಕೇಳಿ ಸಮಾಧಾನ ಪಡುತ್ತೇವೆ. ಅತಿ ಕೆಟ್ಟ ವರ್ಷ ಎಷ್ಟು ಉಳಿದವು ಅಂತ ಕೇಳುವುದೇ ಇಲ್ಲ. ಹವಾಮಾನ ಹೀಗೆ ಏರುಪೇರಾಗುತ್ತಿರುವಾಗ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು, ಅಲ್ವಾ? ಉತ್ತರ ಸಿಗಬೇಕಾದರೆ ಎಣಿಕೆ ದಶಕಗಟ್ಟಲೆ ನಡೆಯಬೇಕು. ಮೂರು ವರ್ಷದ ಪ್ರಾಜೆಕ್ಟಿಗೆ ದುಡ್ಡು ಕೊಟ್ಟು ಫೈಲು ಮುಚ್ಚಿದರೆ, ಆ ಕೆಟ್ಟ ವರ್ಷ ನಾಲ್ಕನೆಯದಾಗಿ ಬರಬಹುದು.