ಕರಿದ ಚಾಕೊಲೇಟೇ ಸ್ಕಾಟ್‌ಲೆಂಡಿನ ಅಡುಗೆಯಂತೆ!

ಈಗಷ್ಟೇ ಒಂದು ರೀಲ್ ನೋಡಿ ತಲೆ ಕೆಟ್ಟಿದೆ. ನಮ್ಮ ಕಡೆಯ ಹುಡುಗನೇ. ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ನಿಂತು ಹಿಟ್ಟಿನಲ್ಲಿ ಅದ್ದಿ ಕರಿದ ಮಾರ್ಸ್ ಚಾಕೊಲೇಟ್ ಕಚ್ಚಿ, "ಗುರೂ, ಇವರ ಅಡುಗೆ ಅಂದ್ರೆ ಇಷ್ಟೇ" ಎಂದು ತೀರ್ಪು ಕೊಟ್ಟ. ಕೆಳಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದಾರೆ.

ಅಡುಗೆ ಪುಸ್ತಕಗಳ ವಿಷಯ ಬಂದರೆ ನಾನು ಜಗಳಗಂಟಿ ಅಂತ ನಿಮಗೆಲ್ಲ ಗೊತ್ತಲ್ಲ. ಹಾಗಾಗಿ ಸಹಿಸಿಕೊಳ್ಳಿ.

ಆ ಕರಿದ ಚಾಕೊಲೇಟ್ ಹುಟ್ಟಿದ್ದು 1990ರ ದಶಕದಲ್ಲಿ, ಸ್ಟೋನ್‌ಹೇವನ್ ಎಂಬ ಊರಿನ ಮೀನು-ಚಿಪ್ಸ್ ಅಂಗಡಿಯಲ್ಲಿ. ಸ್ಕಾಟ್‌ಲೆಂಡಿನ ಅಡುಗೆ ಅದಕ್ಕಿಂತ ಎಷ್ಟೋ ಹಳೆಯದು. ಮಿಸೆಸ್ ಮ್ಯಾಕ್‌ಲಿಂಟಾಕ್ ಎಂಬಾಕೆಯ ಅಡುಗೆ ಪುಸ್ತಕ ಗ್ಲಾಸ್ಗೋದಲ್ಲಿ ಅಚ್ಚಾಗಿದ್ದು 1736ರಲ್ಲಿ! ಎಡಿನ್‌ಬರೋದಲ್ಲಿ ಹುಡುಗಿಯರಿಗೆ ಅಡುಗೆ ಶಾಲೆ ನಡೆಸುತ್ತಿದ್ದ ಎಲಿಜಬೆತ್ ಕ್ಲೆಲ್ಯಾಂಡ್ ಪುಸ್ತಕ ತಂದಿದ್ದು 1755ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಸ್ಯಾಮುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ, ಓಟ್ಸ್ ಇಂಗ್ಲೆಂಡಿನಲ್ಲಿ ಕುದುರೆಗೆ, ಸ್ಕಾಟ್‌ಲೆಂಡಿನಲ್ಲಿ ಜನಕ್ಕೆ ಎಂದು ಕುಟುಕಿದ. ಜಾನ್ಸನ್‌ನ ಕುಹಕ ಇವತ್ತಿಗೂ ಎಲ್ಲರ ಬಾಯಲ್ಲಿದೆ. ಕ್ಲೆಲ್ಯಾಂಡ್ ಯಾರಿಗೆ ಗೊತ್ತು?

1826ರಲ್ಲಿ ಮೆಗ್ ಡಾಡ್ಸ್ ಹೆಸರಲ್ಲಿ ಬಂದ ಅಡುಗೆ ಪುಸ್ತಕದ ಕಥೆ ಇನ್ನೂ ಚೆಂದ. ಬರೆದದ್ದು ಕ್ರಿಶ್ಚಿಯನ್ ಇಸೊಬೆಲ್ ಜಾನ್‌ಸ್ಟನ್ ಎಂಬ ಪತ್ರಕರ್ತೆ. ಹೊದಿಕೆಯ ಮೇಲಿನ ಹೆಸರು ಮಾತ್ರ ವಾಲ್ಟರ್ ಸ್ಕಾಟ್ ಕಾದಂಬರಿಯ ಹೋಟೆಲಿನವಳದ್ದು. ಗಂಡಸು ಕಟ್ಟಿದ ಪಾತ್ರದ ಹಿಂದೆ ಅಡಗಿ ಬರೆದಳು ನೋಡಿ!

"ಪುಸ್ತಕ ಕೊಳ್ಳುತ್ತಿದ್ದವರು ಉಳ್ಳವರು, ಬಡವರು ತಿಂದದ್ದು ಹೆಚ್ಚಾಗಿ ಓಟ್ಸ್, ಕೇಲ್ ಸೊಪ್ಪು" ಅಂತ ಯಾರಾದರೂ ಹೇಳಬಹುದು. ನಿಜವೇ. ಆದರೆ ಬಡವರ ಅಡುಗೆ ಅಡುಗೆಯಲ್ಲವಾ? ಆರ್ಕ್ನಿಯಲ್ಲಿ ಹುಟ್ಟಿದ, ಹೆಂಗಸರ ಮತದ ಹಕ್ಕಿಗೆ ಓಡಾಡಿದ ಮರಿಯನ್ ಮೆಕ್‌ನೀಲ್ 1929ರ 'ದಿ ಸ್ಕಾಟ್ಸ್ ಕಿಚನ್'ನಲ್ಲಿ ಅಂಥ ಮನೆಗಳ ಅಡುಗೆಯನ್ನೂ ಅಕ್ಕರೆಯಿಂದ ಬರೆದಿಟ್ಟಳು. ಬರೀ ಗಂಜಿಗೇ ಎಷ್ಟು ಶಿಸ್ತು ನೋಡಿ. ಕುದಿಯುವ ನೀರಿಗೆ ಎಡಗೈಯಿಂದ ಓಟ್ಸ್ ನುಚ್ಚನ್ನು ಸಣ್ಣಗೆ ಉದುರಿಸಬೇಕು. ಬಲಗೈಯಲ್ಲಿ ಸ್ಪರ್ಟಲ್, ಅಂದರೆ ನಮ್ಮ ಮುದ್ದೆ ಕೋಲಿನ ತಂಗಿ, ತಿರುಗುತ್ತಲೇ ಇರಬೇಕು. ಹತ್ತು ನಿಮಿಷ ಬೇಯುವ ತನಕ ಉಪ್ಪು ಮುಟ್ಟುವಂತಿಲ್ಲ, ಮೊದಲೇ ಹಾಕಿದರೆ ನುಚ್ಚು ಗಟ್ಟಿಯಾಗಿ ಅರಳುವುದಿಲ್ಲ. ಹಾಲು, ಕೆನೆ ಅಥವಾ ಮಜ್ಜಿಗೆ ಪಕ್ಕದ ಬಟ್ಟಲಲ್ಲಿ. ಪ್ರತಿ ಚಮಚ ಬಿಸಿ ಗಂಜಿಯನ್ನೂ ಅದರಲ್ಲಿ ಅದ್ದಿ ತಿನ್ನಬೇಕು. ಇದನ್ನು ಯಾವ ರೀಲಿನವನೂ ತೋರಿಸಲ್ಲ. ಓಟ್ಸನ್ನು ರಾತ್ರಿಯಿಡೀ ಡಬ್ಬಿಯಲ್ಲಿ ನೆನೆಸಿ ಮೇಲೆ ಬ್ಲೂಬೆರಿ ಸುರಿದರೆ ಮಾತ್ರ ಅದು 'ಸೂಪರ್‌ಫುಡ್'. ಥೂ.

ಹಾಗಾದರೆ ಸ್ಕಾಟ್‌ಲೆಂಡಿನ ಹೆಸರುವಾಸಿ ಮಾಂಸದ ತಿನಿಸು ಹ್ಯಾಗಿಸ್ ತಿಂದಿದ್ದೀಯಾ ಅಂತ ಕೇಳಬೇಡಿ. ಕುರಿಯ ಹೃದಯ, ಯಕೃತ್ತು, ಶ್ವಾಸಕೋಶ ನನ್ನ ಕೈಲಾಗುವ ಮಾತಲ್ಲ. ಜಗಳಕ್ಕೆ ಮಾತ್ರ ಸದಾ ಸಿದ್ಧ! 1984ರಲ್ಲೇ ಎಡಿನ್‌ಬರೋದಲ್ಲಿ ಸಸ್ಯಾಹಾರಿ ಹ್ಯಾಗಿಸ್ ಮಾಡಿದ್ದಾರೆ. ಅದು ಸಿಕ್ಕರೆ ತಿನ್ನುತ್ತೇನೆ. ಜೊತೆಗೆ ಬಡಿಸುವ ಕಿವುಚಿದ ಟರ್ನಿಪ್ ಮಾತ್ರ ಬೇಡ, ಅದನ್ನು ನೀವೇ ತಿನ್ನಿ.