ನಿದ್ರೆ ಮಾತ್ರೆ ಮತ್ತು ಕಿವಿಮೊರೆತ: ಒಂದು ಸ್ಪಷ್ಟನೆ

ನಿದ್ರೆ ಮಾತ್ರೆ ಸೇವಿಸುವವರೆಲ್ಲರಿಗೂ ಕಿವಿಯಲ್ಲಿ ಶಾಶ್ವತವಾದ ಮೊರೆತ ಉಂಟಾಗುತ್ತದೆ, ಆದ್ದರಿಂದ ಮಾತ್ರೆಯನ್ನು ಇಂದೇ ನಿಲ್ಲಿಸಿ ಎಂಬ ಸಂದೇಶವೊಂದು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದರಲ್ಲಿ ಸತ್ಯದ ಅಂಶ ಸ್ವಲ್ಪವಿದೆ; ಸಲಹೆ ಮಾತ್ರ ಅಪಾಯಕಾರಿ.

ಜೋಲ್ಪಿಡೆಮ್ ಎಂಬ ನಿದ್ರೆ ಮಾತ್ರೆಯ ಕುರಿತ ಅಮೆರಿಕದ ಅಧಿಕೃತ ಔಷಧ ಮಾಹಿತಿಯು ಟಿನಿಟಸ್ ಅಥವಾ ಕಿವಿಮೊರೆತವನ್ನು ವಿರಳ ಪರಿಣಾಮಗಳ ಸಾಲಿನಲ್ಲಿ, ಎಂದರೆ 100ರಿಂದ 1,000 ರೋಗಿಗಳಲ್ಲಿ ಒಬ್ಬರಿಗೆ ಕಾಣಿಸಿದ್ದೆಂದು ನಮೂದಿಸುತ್ತದೆ. ಹಾಗೆ ವರದಿಯಾದ ಪ್ರತಿಯೊಂದು ತೊಂದರೆಗೂ ಮಾತ್ರೆಯೇ ಕಾರಣವೆಂದು ಇದರ ಅರ್ಥವಲ್ಲ. ವಯಸ್ಸಿನೊಂದಿಗೆ ಶ್ರವಣಶಕ್ತಿ ಕುಗ್ಗುವುದು, ದೀರ್ಘಕಾಲದ ಗದ್ದಲ, ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ ಇವೆಲ್ಲವೂ ಕಾರಣವಾಗಬಹುದು. ಮೊದಲೇ ಇದ್ದ ಮೊರೆತ ರಾತ್ರಿಯ ನಿಶ್ಶಬ್ದದಲ್ಲಿ ಹೆಚ್ಚಾಗಿ ಕೇಳಿಸಿ, ಅದೇ ನಿದ್ರೆಗೆಡಿಸಿರಲೂಬಹುದು.

ನನಗೆ ನಿಜವಾಗಿ ಆತಂಕ ತಂದಿರುವುದು "ಇಂದೇ ನಿಲ್ಲಿಸಿ" ಎಂಬ ಮಾತು. ಆಲ್ಪ್ರಜೋಲಮ್, ಕ್ಲೊನಜೆಪಾಮ್‌ನಂತಹ ಬೆಂಜೊಡಯಜೆಪೀನ್ (ಆತಂಕ, ನಿದ್ರಾಹೀನತೆ ಮುಂತಾದವಕ್ಕೆ ಕೊಡುವ ಔಷಧ ವರ್ಗ) ಮಾತ್ರೆಗಳನ್ನು ಬಹುಕಾಲ ಸೇವಿಸಿದವರು ಥಟ್ಟನೆ ಬಿಟ್ಟರೆ, ಆ ಕಾರಣದಿಂದಲೇ ಕಿವಿಮೊರೆತ ಶುರುವಾಗಬಹುದು. ಕೆಲವರಿಗೆ ಪ್ರಾಣಕ್ಕೇ ಎರವಾಗುವಂತಹ ಫಿಟ್ಸ್ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿ ಈ ಬಗೆಗಿನ ಎಚ್ಚರಿಕೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಮೊರೆತ ಕಾಣಿಸಿಕೊಂಡವರು, ಅದು ಯಾವಾಗ ಆರಂಭವಾಯಿತೆಂಬುದನ್ನು ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಿ, ಬಿಡಬೇಕಾದಲ್ಲಿ ಅವರ ನಿಗಾದಲ್ಲಿಯೇ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು.