ಬಟ್ಟಲಿಗೂ ಬಣ್ಣ ಬಂತು

ಬೆಂಗಳೂರಿನಲ್ಲಿದ್ದಾಗ ಎರಡು ತಿಂಗಳು, ಪ್ರತಿ ಶನಿವಾರ, ಸೆರಾಮಿಕ್ ಕಲಿಯೋಕೆ ಹೋಗಿದ್ದೆ. ಆರು ತಟ್ಟೆ, ಆರು ಬಟ್ಟಲು ಮಾಡಿದೆ. ಮಣ್ಣು ಒಣಗಿ, 1000 ಡಿಗ್ರಿ ಹತ್ತಿರ ಒಮ್ಮೆ ಬೆಂದು, ಬೆಂದಾಗ ಗಾಜಿನಂತಾಗುವ ಗ್ಲೇಜ್ ಬಳಿದ ಮೇಲೆ 1200 ದಾಟಿ ಇನ್ನೊಮ್ಮೆ ಬೆಂದು ಹೊರಬರುವಷ್ಟರಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಕುಗ್ಗುತ್ತದೆ ಅಂತ ಮೇಷ್ಟ್ರು ಹೇಳಿದ್ದರಂತೆ. ನಾನು ಆಗ ಫೋಟೊ ತೆಗೆಯುತ್ತಿದ್ದೆ. ಊಟಕ್ಕೆಂದು ಮಾಡಿದ ತಟ್ಟೆ ತಿಂಡಿ ತಟ್ಟೆಯಾಗಿ ಬಂತು.

ಮಡಿಕೇರಿಗೆ ಬಂದ ಮೇಲೆ ಅವಕ್ಕೆ ಕಪಾಟೇ ಗತಿ. ಆಗಸ್ಟ್ 3, ಅಂದರೆ ಕೊಡವರು ಮದ್ದುಸೊಪ್ಪು ತಿನ್ನುವ ಕಕ್ಕಡ ತಿಂಗಳ 18ರ ದಿನ, ನೆಂಟರು ಬರುತ್ತಾರೆ ಅಂದಾಗ ನನಗೆ ಹುರುಪು ಬಂತು. "ಸ್ಟೀಲ್ ತಟ್ಟೆ ಬೇಡ ಅತ್ತೆ, ನನ್ನವು ಇಡೋಣ."

"ತೊಳೆಯೋರು ಯಾರು?"

"ನಾನೇ."

ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹೊರಗೆ ಮಳೆ ಸುರೀತಾ ಇತ್ತು, ಕರೆಂಟ್ ಎಂದಿನಂತೆ ಹೋಗಿತ್ತು, ಮೇಣದ ಬತ್ತಿ ಬೆಳಕಲ್ಲಿ ನನ್ನ ತಟ್ಟೆಗಳು ನಿಜವಾಗಲೂ ಚೆನ್ನಾಗೇ ಕಂಡವು. ಆದರೆ ಚಿಕ್ಕಮಾವನ ತಟ್ಟೆಯ ತಳ ಸಮ ಇರಲಿಲ್ಲ. ಬಡಿಸಿದ ನಾಟಿಕೋಳಿ ಸಾರೆಲ್ಲ ಒಂದೇ ಕಡೆ ಇಳಿದು ಅಂಚಿಗೆ ಬಂತು. ಅವರು ಏನೂ ಮಾತಾಡದೆ ನಾಲ್ಕು ಕಡಂಬುಟ್ಟು, ಅದೇ ಅಕ್ಕಿ ತರಿಯ ಉಂಡೆ, ತಗೊಂಡು ಸಾಲಾಗಿ ಅಡ್ಡ ಜೋಡಿಸಿದರು. "ಹಾರಂಗಿ ಡ್ಯಾಮ್," ಅಂದರು. ಅಷ್ಟರಲ್ಲಿ ಅವರ ಮಗಳು ಕಡಂಬುಟ್ಟು ಕಮ್ಮಿ ಬಿತ್ತು ಅಂತ ಡ್ಯಾಮಿಗೇ ಕೈ ಹಾಕಿದಳು. ಸಾರು ಮೇಜು ದಾಟಿ ಪಕ್ಕದಲ್ಲಿ ಕೂತಿದ್ದವರ ಪಂಚೆ ಸೇರಿತು. ಆಮೇಲೆ ಎಲ್ಲರೂ ತಂತಮ್ಮ ತಟ್ಟೆ ಅಲ್ಲಾಡಿಸಿ ನೋಡಿಕೊಂಡರು, ಯಾರದು ಜಾಸ್ತಿ ಕುಣಿಯುತ್ತೆ ಅಂತ ಪಂದ್ಯವೇ ನಡೀತು. ಕಣಿಲೆ (ಎಳೆ ಬಿದಿರು) ಪಲ್ಯವನ್ನು ಯಾರೂ ಗಮನಿಸಲೇ ಇಲ್ಲ, ಪಾಪ ಅತ್ತೆ ಎರಡು ದಿನ ನೆನೆಹಾಕಿ ಮಾಡಿದ್ದು.

ಕೊನೆಗೆ ಬಟ್ಟಲಲ್ಲಿ ಮದ್ದುಸೊಪ್ಪಿನ ಪಾಯಸ. ಗೊತ್ತಲ್ವಾ, ಸೊಪ್ಪು ಬೇಯಿಸಿದ ನೀರು ಗಾಢ ನೇರಳೆ. ಅದನ್ನು ಕುಡಿದ ಮರುದಿನ ಬೆಳಿಗ್ಗೆ ಮೂತ್ರಕ್ಕೆ ಬಣ್ಣ ಬಂದರೆ ಮದ್ದು ಹಿಡಿಯಿತು ಅಂತ ಲೆಕ್ಕ. ಊಟ ಮುಗಿದಾಗ ರಾತ್ರಿ ಹನ್ನೊಂದು, ನಲ್ಲಿ ನೀರು ಐಸ್‌ನಂತೆ. ನಾಳೆ ತೊಳೆದರಾಯ್ತು ಅಂತ ಬಟ್ಟಲುಗಳನ್ನು ಪಾಯಸದ ಸಮೇತ ಬಿಟ್ಟು ಮಲಗಿದೆ.

ಗ್ಲೇಜ್ ತಣಿಯುವಾಗ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಕೆಲವೊಮ್ಮೆ ಕಣ್ಣಿಗೇ ಕಾಣೋದಿಲ್ಲ. ನನ್ನ ಬಿಳಿ ಬಟ್ಟಲುಗಳಲ್ಲಿ ಬೆಳಿಗ್ಗೆ ಎಲ್ಲವೂ ಕಂಡವು. ಆರರಲ್ಲೂ ನೇರಳೆ ಬಲೆ. ನಿಂಬೆಹಣ್ಣು ಉಜ್ಜಿದೆ, ಸೋಡಾ ಪುಡಿ ಉಜ್ಜಿದೆ, ಹೋಗಲಿಲ್ಲ.

ಅಷ್ಟರಲ್ಲಿ ಚಿಕ್ಕಮಾವನ ಫೋನ್. "ಹೇಗೆ, ಬಣ್ಣ ಬಂತಾ?"

ಅತ್ತೆ ಫೋನ್ ಕಸಿದುಕೊಂಡರು. "ಎಲ್ಲರಿಗೂ ಬಂತು, ಬಟ್ಟಲಿಗೂ ಬಂತು. ನಮಗೆ ನಾಳೆ ಹೋಗುತ್ತೆ, ಅದರದ್ದು ಹೋಗೋ ಹಾಗಿಲ್ಲ."

ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್, ಕೊಡವರ ಆಯುಧಪೂಜೆಯ ಹಬ್ಬ. ಸ್ಟೀಲ್ ತಟ್ಟೆಗಳನ್ನು ಅತ್ತೆ ಈಗಲೇ ಇಳಿಸಿ, ಒರೆಸಿ ಇಟ್ಟಿದ್ದಾರೆ.